‘ಅದು ಯಾರ ಚರ್ಚು ಸಾರ್?’

ಓದುಗರ ಪ್ರಶ್ನೆ: ಮೈಸೂರಿನ ಸರಸ್ವತಿಪುರಂ ಕಡೆ ಕಾಲೇಜು ಹುಡುಗರಿಗೆ ಅಂತ ಹೊಸದಾಗಿ ಒಂದು ಪ್ರೆಸ್ಬಿಟೇರಿಯನ್ ಸಭೆ ಶುರುವಾಗಿದೆಯಂತೆ. ಅದು ಯಾರ ಚರ್ಚು?

ಈ ಪ್ರಶ್ನೆಗೆ ನಾನು ಮದುವೆ ಮನೆಯ ಪಂಕ್ತಿಯಲ್ಲಿ ಉತ್ತರ ಹೇಳಿದ್ದೇನೆ, ದೇವರಾಜ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಚೌಕಾಸಿ ಮಾಡುತ್ತಾ ಹೇಳಿದ್ದೇನೆ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಲ್ಲಿಯೂ ಹೇಳಿದ್ದೇನೆ. ಕೊನೆಯದ್ದು ಡಾಕ್ಟರಿಗೆ ಅರ್ಥವಾಗಿರಲಾರದು. ಬರೆದೇ ಬಿಡೋಣ, ಇನ್ನು ಕೇಳಿದವರಿಗೆ ಇದನ್ನೇ ಕೈಗೆ ಕೊಟ್ಟರಾಯಿತು.

‘ಕ್ರಿಸ್ತನದ್ದು’ ಅಂತ ಶುರುಮಾಡಿದರೆ ಕೇಳಿದವರು ತಲೆಯಾಡಿಸಿ, ‘ಅದು ಸರಿ ಸಾರ್, ಆದ್ರೆ ನಿಜವಾಗಿ ಯಾರದ್ದು?’ ಅನ್ನುತ್ತಾರೆ. ಅಂದರೆ ಅವರಿಗೆ ಬೇಕಾದದ್ದು ಒಬ್ಬ ಪಾಸ್ಟರ್ ಹೆಸರು. ‘ಪಾಸ್ಟರ್ ಇನ್ನೂ ಬಂದಿಲ್ಲ’ ಅಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಪಾಸ್ಟರ್ ಇಲ್ಲದೆ ಚರ್ಚ್ ಹೇಗೆ ಶುರುವಾಗುತ್ತದೆ, ಈ ಮುದುಕ ಏನೋ ಮುಚ್ಚಿಡುತ್ತಿದ್ದಾನೆ ಅಂತ.

ಪಾಸ್ಟರ್ ಸಭೆಯ ಮಾಲೀಕ ಅನ್ನುವ ಈ ನಂಬಿಕೆ ನಮ್ಮೂರಲ್ಲಿ ಬೇರುಬಿಟ್ಟು ಕೂತಿದೆ. ಜನರನ್ನೂ ಪೂರ್ತಿ ದೂರುವಂತಿಲ್ಲ. ರಿಂಗ್ ರೋಡ್ ಸುತ್ತ ಒಂದು ಸುತ್ತು ಬನ್ನಿ: ಫ್ಲೆಕ್ಸ್‌ನಲ್ಲಿ ಶಿಲುಬೆ ಅಂಗೈಯಗಲ, ಪಾಸ್ಟರ್ ದಂಪತಿಯ ಫೋಟೊ ಆಳೆತ್ತರ. ಅಪ್ಪನ ನಂತರ ಮಗ, ಮಗನ ನಂತರ ಅಳಿಯ. ಹೀಗಿರುವಾಗ ‘ಯಾರ ಅಂಗಡಿ’ ಅಂದಹಾಗೆ ‘ಯಾರ ಚರ್ಚು’ ಅಂತ ಕೇಳಿದರೆ ತಪ್ಪೇನು?

ತಪ್ಪೇನು ಅಂತ ನಾನು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡಿದ್ದೇನೆ. ನಾನು ಮಂಡ್ಯ ಕಡೆಯವನು. ಹೈಸ್ಕೂಲಿನಲ್ಲಿದ್ದಾಗ ಅಮ್ಮನ ಜೊತೆ ಒಂದು ಸಣ್ಣ ಸಭೆಗೆ ಹೋಗುತ್ತಿದ್ದೆ, ಹೆಸರು ಬೇಡ. ಕಬ್ಬು ಕಡಿಯುವವರು, ಆಸ್ಪತ್ರೆ ಆಯಾಗಳು ಕೈಲಾದಷ್ಟು ಹಾಕಿ ಮೂವತ್ತು–ನಲವತ್ತರ ಸೈಟು ಕೊಂಡರು. ಪಾಸ್ಟರ್ ಅಪ್ಪಟ ಪ್ರಾಮಾಣಿಕರು, ಎರಡು ಮಾತಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರಾದರೂ ಸಹಿ ಹಾಕಬೇಕಿತ್ತು, ಅವರು ಹಾಕಿದರು, ಖಾತೆ ಅವರ ಹೆಸರಿಗೇ ಆಯಿತು. ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಅವರು ತೀರಿಕೊಂಡ ಆರು ತಿಂಗಳಿಗೆ ಒಂದು ಭಾನುವಾರ ನಾವು ಹೋದರೆ ಗೇಟಿಗೆ ಬೀಗ. ಹೊಸ ಬೀಗ, ಅದರ ಎಣ್ಣೆ ಜಿಡ್ಡು ಇನ್ನೂ ಆರಿರಲಿಲ್ಲ. ಮಕ್ಕಳು ಪಾಲು ಮಾಡಿಕೊಂಡಿದ್ದರು. ಕಾನೂನಿನ ಲೆಕ್ಕದಲ್ಲಿ ಅವರದ್ದು ತಪ್ಪೂ ಅಲ್ಲ: ಉಯಿಲಿಲ್ಲದೆ ಸತ್ತ ಕ್ರೈಸ್ತನ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ ಮಕ್ಕಳಿಗೆ ಹೋಗುತ್ತದೆ, ಸಭೆಗೆ ಅಲ್ಲ. ಅಮ್ಮ ಗೇಟಿನ ಮುಂದೆಯೇ ನಿಂತು ಕರ್ತನ ಪ್ರಾರ್ಥನೆ ಹೇಳಿ, ಸೆರಗು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿಗೆ ನಡೆದರು.

ಈಗ ಪ್ರೆಸ್ಬಿಟೇರಿಯನ್ ಅನ್ನುವ ಬಾಯಿ ತಿರುಗದ ಪದಕ್ಕೆ ಬನ್ನಿ. ಗ್ರೀಕಿನ ‘ಪ್ರೆಸ್ಬುತೆರೊಸ್’ ಅಂದರೆ ಹಿರಿಯ, ಅಷ್ಟೆ. ಹಿರಿಯರು ನಡೆಸುವ ಸಭೆಯೇ ಪ್ರೆಸ್ಬಿಟೇರಿಯನ್ ಸಭೆ. ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ತೆಗೆಯಿರಿ. ಪೌಲ, ಬಾರ್ನಬರು ಪ್ರತಿ ಸಭೆಗೂ ಹಿರಿಯರನ್ನು ನೇಮಿಸುತ್ತಾರೆ. ಸಭೆ ಒಂದು, ಹಿರಿಯರು ಹಲವರು. ಆ ಬಹುವಚನದ ಕೆಳಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ, ಇಡೀ ವಿಷಯ ಅಲ್ಲೇ ಇದೆ.

ಮಂಡ್ಯದವರಿಗೆ ಇದನ್ನು ಹೇಳುವುದು ಇನ್ನೂ ಸುಲಭ. ನಿಮ್ಮೂರ ಹಾಲಿನ ಡೈರಿ ಯಾರದ್ದು? ಬೆಳಗಾಗುವ ಮೊದಲೇ ಬಾಗಿಲು ತೆಗೆಯುವವನು, ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವವನು, ಬಟವಾಡೆ ಮಾಡುವವನು, ಎಲ್ಲಾ ಸೆಕ್ರೆಟರಿಯೇ. ಆದರೂ ಡೈರಿ ಅವನಪ್ಪನದ್ದಲ್ಲ ಅಂತ ಎರಡು ಎಮ್ಮೆ ಕಟ್ಟಿದ ಅಜ್ಜಿಗೂ ಗೊತ್ತು. ಷೇರುದಾರರಿದ್ದಾರೆ, ಅವರು ವೋಟು ಹಾಕಿ ಆರಿಸಿದ ಡೈರೆಕ್ಟರುಗಳಿದ್ದಾರೆ, ಲೆಕ್ಕ ನೋಡಲು ಹೊರಗಿನವರು ಬರುತ್ತಾರೆ. ಡೈರಿಯ ವಿಷಯದಲ್ಲಿ ಇಷ್ಟು ಚುರುಕಾಗಿರುವ ನಾವು ದೇವರ ವಿಷಯಕ್ಕೆ ಬಂದಾಗ ಮಾತ್ರ ಒಬ್ಬ ಯಜಮಾನನನ್ನು ಹುಡುಕುತ್ತೇವೆ!

ನಮ್ಮಲ್ಲಿ ಪಾಸ್ಟರೂ ಹಿರಿಯರಲ್ಲಿ ಒಬ್ಬರು. ಬೋಧಿಸುವ ಹಿರಿಯ ಅವರು, ಆಡಳಿತ ನೋಡುವ ಹಿರಿಯರು ಉಳಿದವರು. ಎಲ್ಲರೂ ಸೇರಿ ಕೂರುವ ಕೂಟಕ್ಕೆ ಸೆಷನ್ ಅಂತ ಹೆಸರು. ಸೆಷನ್ನಿಗೆ ಪಾಸ್ಟರ್ ಅಧ್ಯಕ್ಷರು, ನಿಜ. ಆದರೆ ಒಬ್ಬರೇ ಕೂತು ಯಾರನ್ನೂ ಸಭೆಗೆ ಸೇರಿಸಿಕೊಳ್ಳುವಂತಿಲ್ಲ, ಹೊರಗೆ ಹಾಕುವಂತೆಯೂ ಇಲ್ಲ. ಅವರನ್ನು ಕರೆಯುವುದು ಸಭೆ, ವೋಟು ಹಾಕಿ. ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವುದು ಸುತ್ತಲಿನ ಸಭೆಗಳ ಪಾಸ್ಟರ್‌ಗಳೂ ಹಿರಿಯರೂ ಒಟ್ಟಿಗೆ ಕೂರುವ ಪ್ರೆಸ್ಬಿಟರಿ. ಪಾಸ್ಟರ್ ಹಾದಿ ತಪ್ಪಿದರೆ ಕೇಳುವವರೂ ಅವರೇ. ಹಿರಿಯರು ಹಾದಿ ತಪ್ಪಿದರೂ ಅಷ್ಟೆ, ಅದನ್ನೂ ಹೇಳಿಬಿಡುತ್ತೇನೆ. ಮೇಲ್ಮನವಿ ಇಲ್ಲದ ಹಿರಿತನ ಅರಳಿಕಟ್ಟೆಯಲ್ಲಿ ಹೇಗಿರುತ್ತದೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ. ಊರ ಹಿರಿಯ ಹುಟ್ಟಿನಿಂದ, ಜಮೀನಿನಿಂದ ಆಗುತ್ತಾನೆ. ಸಭೆಯ ಹಿರಿಯನನ್ನು ಜನ ಆರಿಸಬೇಕು, ಆರಿಸಿದ ಮೇಲೂ ಅವನು ತೇರ್ಗಡೆಯಾಗಬೇಕು. ತಲೆ ನರೆತಿರಬೇಕು ಅಂತೇನೂ ಇಲ್ಲ.

ಹೊಸ ಸಭೆಗೆ ಹಿರಿಯರು ಎಲ್ಲಿಂದ ಬರುತ್ತಾರೆ ಅಂತ ನೀವು ಕೇಳಬೇಕಿತ್ತು, ಕೇಳಲಿಲ್ಲ. ಕಡ ತರುತ್ತೇವೆ. ಸದ್ಯಕ್ಕೆ ಬೆಂಗಳೂರಿನ ತಾಯಿಸಭೆಯ ಇಬ್ಬರು ಹಿರಿಯರು ಶನಿವಾರ ಸಂಜೆಯ ರೈಲಿಗೆ ಬರುತ್ತಾರೆ. ಅವರ ಜೊತೆ ಮೂರನೆಯವನಾಗಿ ನಾನು. ಇಲ್ಲಿಯ ಸದಸ್ಯರು ತಮ್ಮವರನ್ನೇ ಆರಿಸುವಷ್ಟು ಬೆಳೆದ ದಿನ ಕಡದ ಹಿರಿಯರು ವಾಪಸ್, ಸಭೆ ಸ್ವಂತ ಕಾಲ ಮೇಲೆ. ಅಲ್ಲಿಯವರೆಗೆ ನಮ್ಮದು ಜೆರಾಕ್ಸ್ ಅಂಗಡಿ ಮೇಲಿನ ಬಾಡಿಗೆ ಹಾಲ್, ಶಾಮಿಯಾನದವನ 40 ಕುರ್ಚಿ, ಕಾಣಿಕೆ ಎಣಿಸಲು ಇಬ್ಬರು, ಇಬ್ಬರ ಸಹಿ. ಯಾರ ಹೆಸರಿಗೂ ಖಾತೆ ಇಲ್ಲ. ಮುಂದೆ ಸೈಟು ಕೊಂಡರೆ ಅದು ಸೊಸೈಟಿ ಹೆಸರಿಗೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು.

ಮಿನಿಟ್ಸ್ ಬರೆಯುವುದು ನನ್ನ ಕೆಲಸ. ರಟ್ಟಿನ ಹೊದಿಕೆಯ ಲಾಂಗ್ ನೋಟ್‌ಬುಕ್. ಹೋದ ವರ್ಷ ಪ್ರೆಸ್ಬಿಟರಿಯವರು ಅದನ್ನು ತರಿಸಿಕೊಂಡು ಓದಿ, ಕೆಂಪು ಇಂಕಿನಲ್ಲಿ ‘ಕೂಟ ಪ್ರಾರ್ಥನೆಯೊಂದಿಗೆ ಮುಗಿಯಿತೆಂದು ನಮೂದಿಸಿಲ್ಲ’ ಅಂತ ಷರಾ ಹಾಕಿದರು. ಪ್ರಾರ್ಥನೆ ಆಗಿತ್ತು ಸ್ವಾಮಿ, ಕರೆಂಟು ಹೋಗಿತ್ತು ಅಷ್ಟೆ. 31 ವರ್ಷ ಪಿಯು ಮಕ್ಕಳ ಉತ್ತರ ಪತ್ರಿಕೆಗೆ ಕೆಂಪು ಗೀಟು ಎಳೆದವನಿಗೆ ಇದು ಆಗಬೇಕಾದ್ದೇ ಅಂತ ಮನೆಯಾಕೆ ನಕ್ಕಳು. ಆದರೆ ಮಂಡ್ಯದ ಆ ಪಾಸ್ಟರಿಗೆ ಇಂಥ ಕೆಂಪು ಇಂಕಿನವರು ಒಬ್ಬರಿದ್ದಿದ್ದರೆ, ಅಂತ ನನಗೆ ಅನ್ನಿಸಿತು.

ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಇರುವಾಗ ಇದೊಂದು ಯಾಕೆ ಅನ್ನುವವರಿಗೆ: ಅಲ್ಲಿ ನಮ್ಮ ಬಂಧುಗಳೇ ಇದ್ದಾರೆ, ಪೈಪೋಟಿ ಇಲ್ಲ. ಮೈಸೂರು ಸೀಮೆಯ ಪ್ರೊಟೆಸ್ಟೆಂಟರಲ್ಲಿ ಚೆನ್ನಾಗಿ ಬೇರೂರಿದ್ದು ಮೆಥಡಿಸ್ಟರ ವೆಸ್ಲಿಯನ್ ಮಿಷನ್. ದಕ್ಷಿಣದ ಪ್ರೆಸ್ಬಿಟೇರಿಯನ್ನರು 1908ರಲ್ಲೇ ಕಾಂಗ್ರಿಗೇಷನಲ್ ಸಭೆಗಳ ಜೊತೆ ಕೂಡಿದರು. ಆ ಕೂಟ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟರ ಜೊತೆ ಸೇರಿ ಸಿಎಸ್‌ಐ ಆಯಿತು. ಅಲ್ಲಿ ಬಿಷಪ್ ಇದ್ದಾರೆ, ನಮ್ಮಲ್ಲಿ ಇಲ್ಲ. ಅಲ್ಲಿ ಅಭಿಷಿಕ್ತ ಸಭಾಪಾಲಕರನ್ನೇ ಪ್ರೆಸ್ಬಿಟರ್ ಅನ್ನುತ್ತಾರೆ, ಹಾಗಾಗಿ ಗೊಂದಲ.

ದುಡ್ಡು ಅಮೆರಿಕದಿಂದ ಬರುತ್ತದೆ ಅನ್ನುವವರಿಗೆ ಇನ್ನೂ ಚಿಕ್ಕ ಉತ್ತರ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ಮೇಲಂತೂ ಅದು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೇ ಬಂದು ಬೀಳಬೇಕು. ನಮಗೆ ಎರಡೂ ಇಲ್ಲ. ಅಷ್ಟಕ್ಕೂ ನಮ್ಮ ಕುರ್ಚಿಗಳಲ್ಲಿ ಅರ್ಧ ತುಂಬುವುದು ಮಾನಸಗಂಗೋತ್ರಿಯಲ್ಲಿ ಓದುವ ಮಿಜೋ, ಖಾಸಿ ಹುಡುಗ ಹುಡುಗಿಯರಿಂದ. ಅವರಿಗೆ ಪ್ರೆಸ್ಬಿಟೇರಿಯನ್ ಅನ್ನುವುದು ಅಜ್ಜಿಯ ಮನೆಯ ಮಾತು. ವೇಲ್ಸ್‌ನ ಥಾಮಸ್ ಜೋನ್ಸ್ 1841ರಲ್ಲಿ ಚಿರಾಪುಂಜಿಗೆ ಬಂದಾಗಿನಿಂದ ನಡೆದುಬಂದದ್ದು. ಮಿಜೋರಾಂನಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಸಭೆಗೆಂದು ತೆಗೆದಿಡುತ್ತಾರೆ. ‘ಬುಹ್‌ಫಾಯ್ ಥಾಮ್’ ಅಂತ ಅದರ ಹೆಸರು, 1910ರಿಂದ ನಡೆದಿದೆ. ಬಡ ಗುಡ್ಡಗಾಡಿನ ಸಭೆ ಹಿಡಿ ಅಕ್ಕಿಯಲ್ಲಿ ನಿಂತಿತು. ನಮ್ಮ ಹಾಲ್‌ನ ಬಾಡಿಗೆಗೆ ಯಾವ ಡಾಲರೂ ಬೇಡ.

ನನ್ನ ನಿಜವಾದ ತಲೆನೋವು ಬೇರೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಂ.ಎ. ಅಂದರೆ ಎರಡೇ ವರ್ಷ. ಒಳ್ಳೆಯ ಹುಡುಗನನ್ನು ಗುರುತಿಸಿ ಹಿರಿತನಕ್ಕೆ ತಯಾರು ಮಾಡುವಷ್ಟರಲ್ಲಿ ಅವನು ಲಗೇಜು ಕಟ್ಟಿರುತ್ತಾನೆ. ಪರೀಕ್ಷೆ ಮುಗಿದ ಮರುವಾರ 40 ಕುರ್ಚಿಯಲ್ಲಿ 14 ತುಂಬಿದ್ದವು. ಹಾಗಾಗಿ ಉಳಿಯುವವರು ಬೇಕು: ನರ್ಸು, ಆಟೋ ಓಡಿಸುವವರು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮಾಡುವವರು. ಅವರು ಬೇಕೆಂದರೆ ಕನ್ನಡದಲ್ಲಿ ಹಾಡಬೇಕು.

ಹಾಡು ಅಂದಕೂಡಲೇ ನನ್ನನ್ನು ತಡೆಯುವವರಿಲ್ಲ. ಮಿಜೋ ಮಕ್ಕಳು ಟಾನಿಕ್ ಸೋಲ್ಫಾದಲ್ಲಿ ಹಾಡು ಓದುತ್ತಾರೆ. ಸ್ವರಗಳನ್ನು ಅಕ್ಷರದಲ್ಲಿ ಬರೆಯುವ ಪದ್ಧತಿ ಅದು, ವೆಲ್ಷ್ ಮಿಷನರಿಗಳು ಕೊಟ್ಟುಹೋದದ್ದು. ಡೋ ರೇ ಮೀ ಫಾ ಸೋ ಲಾ ಟೀ. ಡೋ ಎಲ್ಲಿ ಬೇಕಾದರೂ ಕೂರಬಹುದು, ನಮ್ಮ ಷಡ್ಜದ ಹಾಗೆ. ಆದರೆ ಅವರ ಮೀ ನಮ್ಮ ಗ, ಅವರ ಸೋ ನಮ್ಮ ಪ. ಕೀರ್ತನೆ ಹೇಳಿಕೊಡಲು ಬಂದ ನಮ್ಮ ಸೊಸೆ ‘ಮ ಹಿಡಿ’ ಅಂದರೆ ಅದನ್ನು ಮೀ ಅಂದುಕೊಂಡು ಒಬ್ಬ ಮಿಜೋ ಹುಡುಗ ಗಾಂಧಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತಾನೆ! ಮೊದಲ ಭಾನುವಾರ ಶಂಕರಾಭರಣದ ಕೀರ್ತನೆ ಸಲೀಸಾಗಿ ಹೋಯಿತು, ಸ್ವರಗಳು ಅವರ ಏಣಿಯವೇ. ಮುಂದಿನ ವಾರ ಮಾಯಾಮಾಳವಗೌಳ. ಹುಡುಗ ಎರಡು ಸಲ ಕೇಳಿ, ‘ಇದು ರೇ ಅಲ್ಲ ಸರ್, ಕೆಳಗಿನ ರಾ’ ಅಂದು ಸರಿಯಾಗಿಯೇ ಗುರುತು ಹಾಕಿಕೊಂಡ. ಅಷ್ಟರಲ್ಲಿ ಸೊಸೆ ಆ ರಿಷಭವನ್ನು ಒಮ್ಮೆ ತೂಗಿ ಹಾಡಿದಳು. ಅವನ ಪೆನ್ನು ನಿಂತುಬಿಟ್ಟಿತು. ‘ಅಲ್ಲಾಡೋದನ್ನ ಹೇಗೆ ಬರೆಯೋದು ಸರ್?’

ಕೊನೆಗೆ ಅಕ್ಷರದ ಕೆಳಗೆ ಹಾವಿನಂಥ ಒಂದು ಗೆರೆ ಎಳೆದ. ಕೈಗೆ ಸಿಕ್ಕ ಕಾಗದ ಮಿನಿಟ್ಸ್ ಪುಸ್ತಕದ ಹಿಂದಿನ ಹಾಳೆ. ಬರುವ ತಿಂಗಳು ಅದು ಮತ್ತೆ ಪ್ರೆಸ್ಬಿಟರಿಗೆ ಹೋಗಬೇಕು. ಈ ಗೆರೆ ನೋಡಿ ಕೆಂಪು ಇಂಕಿನವರು ಏನು ಷರಾ ಬರೆಯುತ್ತಾರೋ.