ಪುಸ್ತಕಗಳ ಲೆಕ್ಕವಿಟ್ಟ ಪಾದ್ರಿ: ಜೇಮ್ಸ್ ಲಾಂಗ್ ಮತ್ತು ಒಂದು ಕಾಯ್ದೆಯ ಹಿನ್ನೆಲೆ

ಬೆಂಗಳೂರಿನಲ್ಲಿ ಕನ್ನಡ ಪುಸ್ತಕವೊಂದು ಪ್ರಕಟವಾದರೆ, 30 ದಿನಗಳೊಳಗೆ ಅದರ ಒಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ತಲುಪಿಸಬೇಕು. 1954ರ ಕಾಯ್ದೆ ಹಾಗೆನ್ನುತ್ತದೆ. ಅಚ್ಚಾದದ್ದೆಲ್ಲ ದಾಖಲಾಗಬೇಕೆಂಬ ಈ ಯೋಚನೆಯ ಜಾಡು ಹಿಡಿದು ಹೋದರೆ ಅದೇ ಕೋಲ್ಕತ್ತದಲ್ಲಿ ಒಬ್ಬ ಆಂಗ್ಲಿಕನ್ ಪಾದ್ರಿ ಎದುರಾಗುತ್ತಾರೆ.

1814ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಹುಟ್ಟಿದ ಜೇಮ್ಸ್ ಲಾಂಗ್, ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ 1840ರಲ್ಲಿ ಕಲ್ಕತ್ತೆಗೆ ಬಂದರು. ಮತಪ್ರಚಾರಕ್ಕೆ ಬಂದವರು ಜನ ಏನು ಓದುತ್ತಾರೆಂಬ ಕುತೂಹಲಕ್ಕೆ ಬಿದ್ದರು. ಪಂಚಾಂಗ, ಪುರಾಣ, ಶೃಂಗಾರಕಥೆಗಳನ್ನು ಅಗ್ಗದ ಕಾಗದದಲ್ಲಿ ಅಚ್ಚುಹಾಕುತ್ತಿದ್ದ, ಕಲ್ಕತ್ತೆಯ ಬಟತಲಾ ಎಂಬ ಪ್ರದೇಶದ ಮುದ್ರಣಾಲಯಗಳನ್ನೂ ಅವರು ಬಿಡಲಿಲ್ಲ. 1855ರಲ್ಲಿ ಬಂದ ಅವರ ವರ್ಗೀಕೃತ ಸೂಚಿಯಲ್ಲಿ ಹಿಂದಿನ 60 ವರ್ಷಗಳ 1400 ಬಂಗಾಳಿ ಪುಸ್ತಕಗಳೂ ಕಿರುಹೊತ್ತಗೆಗಳೂ ಇದ್ದವು. ಪಾದ್ರಿಯೊಬ್ಬರು ತಮಗೆ ಒಪ್ಪಿಗೆಯಾಗದ ಪುಸ್ತಕಗಳನ್ನೂ ಬಿಡದೆ ನಮೂದಿಸಿದ್ದೇ ಆ ಸೂಚಿಯ ದೊಡ್ಡತನವೆಂದು ನನಗನಿಸುತ್ತದೆ.

1857ನೇ ವರ್ಷದ ಬಗ್ಗೆ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಅವರು ಶೀರ್ಷಿಕೆಗಳ ಜೊತೆಗೆ ಪ್ರತಿಗಳನ್ನೂ ಲೆಕ್ಕಹಾಕಿದರು: 322 ಕೃತಿಗಳು, ಮಾರಾಟಕ್ಕೆ 5.7 ಲಕ್ಷಕ್ಕೂ ಹೆಚ್ಚು ಪ್ರತಿಗಳು. ಒಂದೊಂದು ಪ್ರತಿಗೂ ಓದುವವರು, ಕೇಳುವವರು ಸೇರಿ ಸರಾಸರಿ ಹತ್ತು ಮಂದಿ ಎಂಬುದು ಅವರ ಅಂದಾಜು. ಜೈಮಿನಿ ಭಾರತವನ್ನು ಗಮಕಿಯ ಬಾಯಲ್ಲಿ ಕೇಳಿ ಬೆಳೆದ ನಾಡಿಗೆ ಇದು ಅತಿಶಯೋಕ್ತಿ ಎನಿಸಲಾರದು. ದೇಶಭಾಷೆಗಳ ಪತ್ರಿಕೆಗಳನ್ನು ಅಧಿಕಾರಿಗಳು ಓದಿದ್ದರೆ 1857ರ ದಂಗೆಯ ಮುನ್ಸೂಚನೆ ಸಿಗುತ್ತಿತ್ತೆಂಬ ವಾದವೂ ಅವರದ್ದಾಗಿತ್ತು. ಜನರ ಮಾತು ಆಳುವವರ ಕಿವಿಗೆ ಬೀಳಲೆಂಬ ಸದಾಶಯ, ಜನರ ಮೇಲೆ ಕಣ್ಣಿಡುವ ಉಪಾಯ, ಎರಡೂ ಅದರಲ್ಲಿ ಬೆರೆತಿದ್ದವು.

ಜನರ ಮಾತನ್ನು ಆಳುವವರಿಗೆ ಮುಟ್ಟಿಸಹೊರಟ ಬಿಸಿ ಅವರಿಗೂ ತಟ್ಟಿತು. ನೀಲಿ ಬಣ್ಣಕ್ಕಾಗಿ ಬೆಳೆಸುತ್ತಿದ್ದ ಇಂಡಿಗೊ ಗಿಡದ ತೋಟಗಳ ದೌರ್ಜನ್ಯವನ್ನು ಬಯಲಿಗೆಳೆದ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕದ ಇಂಗ್ಲಿಷ್ ಅನುವಾದವನ್ನು ಹೊರತಂದುದಕ್ಕಾಗಿ 1861ರಲ್ಲಿ ಅವರಿಗೆ ಒಂದು ತಿಂಗಳ ಸೆರೆವಾಸ, 1000 ರೂಪಾಯಿ ದಂಡ ಬಿತ್ತು. ದಂಡ ಕಟ್ಟಿದವರು ಬಂಗಾಳಿ ಲೇಖಕ ಕಾಳಿಪ್ರಸನ್ನ ಸಿಂಹ. 1872ರಲ್ಲಿ ಭಾರತ ಬಿಟ್ಟ ಲಾಂಗ್ 1887ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ ಬಂದು, ಪ್ರತಿ ಮೂರು ತಿಂಗಳಿಗೊಮ್ಮೆ ಪುಸ್ತಕಪಟ್ಟಿ ಪ್ರಕಟಿಸುವುದು ಪ್ರಾಂತೀಯ ಸರ್ಕಾರಗಳ ಕೆಲಸವಾಗಿತ್ತು. ಮಂಗಳೂರು, ಧಾರವಾಡಗಳಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಮದ್ರಾಸ್, ಬೊಂಬಾಯಿ ಪಟ್ಟಿಗಳಲ್ಲಿ ಸೇರಿದ್ದು ಹೀಗೆ. ಆ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಂದು ಜಾರಿಯಾದ ನಿಯತಕಾಲಿಕಗಳ ಕಾಯ್ದೆಯು ಪುಸ್ತಕಗಳನ್ನು ತನ್ನ ವ್ಯಾಪ್ತಿಯಿಂದ ಕೈಬಿಟ್ಟಿದೆ. 1954ರ ಕಾಯ್ದೆಯೇನೋ ಇದೆ. ಅದನ್ನು ಮೀರಿದ ಪ್ರಕಾಶಕರಿಗೆ ಅದು ವಿಧಿಸುವ ಗರಿಷ್ಠ ದಂಡ 50 ರೂಪಾಯಿ ಮತ್ತು ಆ ಪುಸ್ತಕದ ಬೆಲೆ.