ಪ್ಯಾರಿಸ್'ನ, ಪ್ಯಾರಿಸ್ ನ, ಪ್ಯಾರಿಸ್ಸಿನ: ಯಾವುದು ಸರಿ?

ಪ್ರಶ್ನೆ: ‘ಸ್’ ಎಂದು ಮುಗಿಯುವ ಹೆಸರಿಗೆ ‘ನ’ ಅಥವಾ ‘ರ’ ಹಚ್ಚುವಾಗ ನಡುವೆ ಅಪಾಸ್ಟ್ರಫಿ ಹಾಕಬೇಕೇ? ಪ್ಯಾರಿಸ್'ನ, ಥಾಮಸ್'ರ ಎಂದೆಲ್ಲ ಬರೆದದ್ದು ಕಾಣುತ್ತದೆ.

ಬೇಡ. ಅದು ಇಂಗ್ಲಿಷಿನ ಚಿಹ್ನೆ. ಜೇಮ್ಸ್ ಎಂಬ ಹೆಸರಿಗೆ ಚಿಹ್ನೆಯ ಜೊತೆ ಇನ್ನೊಂದು ಎಸ್ ಸೇರಿಸಬೇಕೋ, ಬರೀ ಚಿಹ್ನೆ ಸಾಕೋ ಎಂಬ ತಕರಾರು ಅಲ್ಲೂ ಇದೆ (ಎರಡೂ ನಡೆಯುತ್ತವೆ, ಒಂದೇ ಬರಹದಲ್ಲಿ ಬೆರೆಸಬಾರದು ಅಷ್ಟೆ). ಕನ್ನಡದಲ್ಲಿ ಒಡೆತನ ಹೇಳುವುದು ಷಷ್ಠಿ ಪ್ರತ್ಯಯ, ಚಿಹ್ನೆಗೆ ಕೆಲಸವಿಲ್ಲ.

ಆದರೂ ಅದು ನುಸುಳುವುದು ಕೀಲಿಮಣೆಯ ಕಾಟಕ್ಕೆ. ‘ಸ್’ ಆದಮೇಲೆ ‘ನ’ ಒತ್ತಿದರೆ ಎರಡೂ ಅಂಟಿಕೊಂಡು ಸ್ನಾನದ ‘ಸ್ನ’ ಆಗುತ್ತದೆ: ಪ್ಯಾರಿಸ್ನ. ‘ಜೇಮ್ಸ್ನ’ ಇನ್ನೂ ಫಜೀತಿ. ‘ಮ’ಕ್ಕೆ ಸ ಒತ್ತು, ಅದರ ಬುಡಕ್ಕೆ ನ ಒತ್ತು, ಹೆಸರಿನ ಗುರುತೇ ಸಿಗುವುದಿಲ್ಲ. ತಪ್ಪಿಸಿಕೊಳ್ಳಲು ಕೆಲವರು ಜಾಗ ಬಿಡುತ್ತಾರೆ. ಅದು ಅಪಾಸ್ಟ್ರಫಿಗಿಂತ ಕೆಟ್ಟದ್ದು: ಸಾಲು ಮುರಿದಾಗ ‘ಪ್ಯಾರಿಸ್’ ಮೇಲುಳಿದು ಒಂಟಿ ‘ನ’ ಕೆಳಗಿನ ಸಾಲಿಗೆ ಬಂದು ಕೂರುತ್ತದೆ.

ಊರು, ವಸ್ತುಗಳ ಹೆಸರಿಗೆ ಬಾಯಲ್ಲಿ ಆಡುವ ರೂಪವೇ ಚೆಂದ. ‘ಸ್’ ಹಿಂದಿನ ಸ್ವರ ಹ್ರಸ್ವವಾದರೆ ಸಕಾರ ಇಮ್ಮಡಿಸುತ್ತದೆ: ಬಸ್ಸಿನ, ಕಾಂಗ್ರೆಸ್ಸಿನ, ಪ್ಯಾರಿಸ್ಸಿನ. ಸ್ವರ ದೀರ್ಘವಾಗಿದ್ದರೆ, ಇಲ್ಲವೇ ಹಿಂದೆ ಇನ್ನೊಂದು ವ್ಯಂಜನವಿದ್ದರೆ ಒಂದೇ ಸಕಾರ: ಆಫೀಸಿನ, ಫ್ರಾನ್ಸಿನ, ವೇಲ್ಸಿನ. ಹಳಗನ್ನಡದ ‘ಕಣ್’ ಕಣ್ಣು ಆಗಿ, ‘ಕಾಲ್’ ಬರೀ ಕಾಲು ಆದದ್ದೂ ಇದೇ ಜಾಡಿನಲ್ಲಿ.

ಮನುಷ್ಯರ ಹೆಸರಿಗೆ ‘ಇನ’ ಒಗ್ಗದು. ಜೇಮ್ಸನ ಪುಸ್ತಕ, ಸಾಕ್ರೆಟೀಸನ ಮಾತು. ಮರ್ಯಾದೆ ಬೇಕಾದಲ್ಲಿ ‘ಥಾಮಸ್ ಅವರ’ ಎಂದು ಬಿಡಿಸಿ ಬರೆದರೆ ತೊಡಕೇ ಇಲ್ಲ. ತೊಡಕು ಬರುವುದು ಅಪರಿಚಿತ ಹೆಸರಿನಲ್ಲಿ: ‘ಥಾಮಸನ’ ಎಂದಷ್ಟೇ ಓದಿದವರಿಗೆ ಆತ ಥಾಮಸನೋ ಥಾಮಸ್ಸೋ ತಿಳಿಯದು. ದಾಖಲೆ, ಸುದ್ದಿಗಳಲ್ಲಿ ಹೆಸರು ಇದ್ದಂತೆಯೇ ಉಳಿಯಬೇಕು. ಅಲ್ಲಿ ಥಾಮಸ್‌ನ, ಥಾಮಸ್‌ರ, ಗ್ಲಾಡಿಸ್‌ಳ ಎಂದೇ ಬರೆಯಿರಿ.

ಹೀಗೆ ಒತ್ತಕ್ಷರವಾಗದಂತೆ ತಡೆಯುವುದು ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಅಕ್ಷರ. ಯೂನಿಕೋಡಿನಲ್ಲಿ ಅದರ ಸಂಕೇತ 200ಸಿ. ವಿಂಡೋಸಿನ ಮೈಕ್ರೋಸಾಫ್ಟ್ ವರ್ಡಿನಲ್ಲಿ ‘ಥಾಮಸ್’ ಬರೆದು, ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ, ಜಾಗ ಬಿಡದೆ ಆ ಸಂಕೇತ ಒತ್ತಿ. ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಸಂಕೇತ ಮಾಯವಾಗುತ್ತದೆ. ಮತ್ತೆ ಕನ್ನಡಕ್ಕೆ ಬಂದು ‘ನ’ ಸೇರಿಸಿ. ಪಕ್ಕದ 200ಡಿ ಬೇರೆ. ‘ರ‍್ಯಾಂಕ್’ ಬರೆಯಲು ಬೇಕಾಗುವುದು ಅದು.

ಸ್ವರದಿಂದ ಶುರುವಾಗುವ ಪ್ರತ್ಯಯಕ್ಕೆ ಮಾತ್ರ ಈ ಉಪಾಯ ಬೇಡ. ‘ಬಸ್‌ಅನ್ನು’ ಕನ್ನಡವೇ ಅಲ್ಲ, ‘ಬಸ್ಸನ್ನು’ ಎನ್ನಿ.

ಕಾಣದಿದ್ದರೂ ಅದೂ ಒಂದು ಅಕ್ಷರವೇ ಆದ್ದರಿಂದ ‘ಥಾಮಸ್ನ’ ಎಂದು ಹುಡುಕಿದರೆ ಹಲವು ತಂತ್ರಾಂಶಗಳಿಗೆ ‘ಥಾಮಸ್‌ನ’ ಸಿಗುವುದಿಲ್ಲ. ಕಡತದಲ್ಲಿ ಎಲ್ಲ ರೂಪಗಳನ್ನೂ ಹಿಡಿದು ತಿದ್ದಬೇಕಾದರೆ ‘ಥಾಮ’ ಎಂದಷ್ಟೇ ಕೊಟ್ಟು ಹುಡುಕಿ.