110 ಹಳ್ಳಿಗಳ ನೀರು ಯಾರ ಜವಾಬ್ದಾರಿ?

ಬೆಂಗಳೂರಿನ ಅಂಚಿನಲ್ಲಿ ಮನೆ ಮಾಡಿದವರಿಗೆ ಈ ಗೊಂದಲ ಗೊತ್ತು. ನೀರು ಬರಲಿಲ್ಲ ಅಂದ್ರೆ ಫೋನ್ ಮಾಡೋದು ಪಾಲಿಕೆಗಾ, ಜಲಮಂಡಳಿಗಾ?

1949ರಲ್ಲಿ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಸೇರಿ ಒಂದೇ ಪಾಲಿಕೆಯಾಯಿತು. 1964ರ ಕಾಯ್ದೆಯಿಂದ ಜಲಮಂಡಳಿ ಹುಟ್ಟಿತು. ಅಲ್ಲಿಂದಾಚೆ ರಸ್ತೆ ಒಬ್ಬರದು, ಅದರ ಕೆಳಗಿನ ಪೈಪು ಇನ್ನೊಬ್ಬರದು.

ತೊಡಕು ಜಾಸ್ತಿಯಾದದ್ದು 2007ರಲ್ಲಿ. ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಮಾಡಿದರು. ಆ ಹಳ್ಳಿಗಳಲ್ಲಿ ಅಲ್ಲಿವರೆಗೆ ಇದ್ದದ್ದು ಪಂಚಾಯಿತಿಯ ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಒಬ್ಬ ನೀರಗಂಟಿ. ಬೆಳಗ್ಗೆ ಅವನು ಬಂದು ಗುಂಡಿಯ ಮೇಲಿನ ಚಪ್ಪಡಿ ಸರಿಸಿ, ಮಂಡಿಯೂರಿ ವಾಲ್ವ್ ತಿರುಗಿಸಿದರೆ ಈ ಬೀದಿಗೆ ನೀರು. ಗಂಟೆ ಬಿಟ್ಟು ಮತ್ತೆ ತಿರುಗಿಸಿದರೆ ಪಕ್ಕದ ಬೀದಿಗೆ. ನೀರು ಕಮ್ಮಿ ಬಂದರೆ ನೇರ ಅವನ ಮನೆ ಬಾಗಿಲು ತಟ್ಟಿದರಾಯಿತು. ದೊಡ್ಡ ವ್ಯವಸ್ಥೆಯೇನಲ್ಲ, ಆದರೆ ಕೇಳೋಕೆ ಒಬ್ಬ ಮನುಷ್ಯ ಇದ್ದ.

ಸೇರ್ಪಡೆಯಾದ ಮೇಲೆ ಬೋರ್‌ವೆಲ್‌ಗಳು ಪಾಲಿಕೆಯ ಪಾಲಾದವು. ಕಾವೇರಿ ತರುವ ಕೆಲಸ ಜಲಮಂಡಳಿಯದಾಯಿತು. ಬೋರು ಬತ್ತಿದರೆ ಪಾಲಿಕೆ ಕಾವೇರಿಯತ್ತ ಕೈ ತೋರಿಸಿತು. ಜಲಮಂಡಳಿ, ಯೋಜನೆ ಮುಗಿಯಲಿ ಎಂದಿತು. ಇಬ್ಬರ ಮಾತಲ್ಲೂ ಸುಳ್ಳಿರಲಿಲ್ಲ. ಜನರ ಬಿಂದಿಗೆ ಮಾತ್ರ ತುಂಬಲಿಲ್ಲ. ಆಸ್ತಿ ತೆರಿಗೆಯಾದರೋ ಬೇಗನೇ ನಗರದ ಲೆಕ್ಕಕ್ಕೆ ಬಂತು. ಗಡಿ ಸರಿದಾಗ ಬಿಲ್ಲು ಮೊದಲು ತಲುಪಿ, ನೀರು ಕೊನೆಗೆ ಬಂದದ್ದು ನ್ಯಾಯ ಅನಿಸುವುದಿಲ್ಲ.

2012ರಲ್ಲಿ ಕಾವೇರಿ ನೀರಿನ ಯೋಜನೆಯ ನಾಲ್ಕನೇ ಹಂತದ ಎರಡನೇ ಘಟ್ಟ ಶುರುವಾಗಿ ನಗರಕ್ಕೆ ದಿನಕ್ಕೆ 50 ಕೋಟಿ ಲೀಟರ್ ಹೆಚ್ಚಿತು. ಆದರೂ ಹಲವು ಹಳ್ಳಿಗಳು ಐದನೇ ಹಂತಕ್ಕೇ ಕಾಯಬೇಕಾಯಿತು. ನಡುವೆ ಪೈಪಿಗೆಂದು ರಸ್ತೆ ಅಗೆದರು. ಅಗೆದದ್ದು ಜಲಮಂಡಳಿ, ಡಾಂಬರು ಹಾಕಬೇಕಾದದ್ದು ಪಾಲಿಕೆ. ಮಳೆ ಬಂದರೆ ಅದೇ ಕೆಸರಲ್ಲಿ ಮಕ್ಕಳು ಶಾಲೆಗೆ ಹೋದರು.

2024ರ ಬೇಸಿಗೆ ಎಲ್ಲವನ್ನೂ ಬಯಲಿಗೆ ತಂದಿತು. ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದವು. ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಕಟ್ಟಿತು: 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅದೇ ಅಕ್ಟೋಬರ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ, ಮುಖ್ಯವಾಗಿ ಈ ಹಳ್ಳಿಗಳಿಗಾಗಿಯೇ. ಸೇರ್ಪಡೆಯಾಗಿ ಆಗಲೇ 17 ವರ್ಷ ಕಳೆದಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನೀರು ಮೊದಲಿನಂತೆ ಜಲಮಂಡಳಿಯ ಬಳಿಯೇ ಇದೆ. ಅಂದರೆ ಒಬ್ಬರ ಬದಲು ಈಗ ಐವರ ಜೊತೆ ಅದು ಮಾತಾಡಿಕೊಳ್ಳಬೇಕು. ಪಾಲಿಕೆ, ಜಲಮಂಡಳಿ ಇಬ್ಬರನ್ನೂ ಒಂದೇ ಕಡೆ ಕೂರಿಸಿ ಕೇಳಬಹುದಾದವರು ವಾರ್ಡಿನ ಸದಸ್ಯರು, ಅಲ್ವಾ? ಹಳೆಯ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಬಿಬಿಎಂಪಿ ಇರುವಷ್ಟು ದಿನವೂ ಮತ್ತೆ ಚುನಾವಣೆ ಆಗಲಿಲ್ಲ.

ಗಡಿಯಾಚೆಯ ಪಂಚಾಯಿತಿಗಳಲ್ಲಿ ಈಗಲೂ ನೀರಗಂಟಿಯೇ ವಾಲ್ವ್ ತಿರುಗಿಸುತ್ತಾನೆ. ಅಲ್ಲೂ ಲೇಔಟುಗಳು ಏಳುತ್ತಿವೆ, ಟ್ಯಾಂಕರ್‌ಗಳು ಓಡಾಡುತ್ತಿವೆ.